ಹಳೆಯ ಬಣ್ಣ, ತುಕ್ಕು ತೆಗೆಯುವಾಗ ಏಳುವ ಧೂಳು

ಮಳೆಗಾಲ ಮುಗಿದು ನವರಾತ್ರಿ ಹತ್ತಿರವಾಗುತ್ತಿದ್ದಂತೆ ನಮ್ಮ ಮನೆಗಳಲ್ಲಿ ಸುಣ್ಣ ಬಣ್ಣದ ಮಾತು ಶುರುವಾಗುತ್ತದೆ. ಗೋಡೆಯ ಕೆಲಸ ಅಷ್ಟು ಕಷ್ಟದ್ದಲ್ಲ, ಕಷ್ಟವಿರುವುದು ಕಬ್ಬಿಣದ್ದು. ಕಿಟಕಿಯ ಸರಳು, ವರಾಂಡದ ಗ್ರಿಲ್, ಬೀದಿ ಬಾಗಿಲಿನ ಗೇಟು, ತಾರಸಿಗೆ ಹೋಗುವ ಮೆಟ್ಟಿಲಿನ ಕಂಬಿ, ಅಟ್ಟದ ಮೇಲಿನ ಟ್ರಂಕು. ಒಂದರ ಮೇಲೊಂದು ಐದಾರು ಬಾರಿ ಬಳಿದ ಎನಾಮಲ್ ಬಣ್ಣ ಅಲ್ಲಲ್ಲಿ ಹೊಪ್ಪಳೆ ಎದ್ದಿರುತ್ತದೆ, ಅದರಡಿಯಲ್ಲಿ ತುಕ್ಕು ಕೂತಿರುತ್ತದೆ. ಇದನ್ನು ಉಜ್ಜಿ ತೆಗೆಯದೆ ಹೊಸ ಬಣ್ಣ ಹಚ್ಚಿದರೆ ಒಂದು ಮಳೆಗಾಲವೂ ನಿಲ್ಲುವುದಿಲ್ಲ ಎಂದು ಪೇಂಟರು ಹೇಳುತ್ತಾನೆ. ಅವನ ಮಾತು ಸರಿಯೇ. ಆದರೆ ಉಜ್ಜುವುದು ಹೇಗೆ ಎಂಬಲ್ಲಿ ಆರೋಗ್ಯದ ಪ್ರಶ್ನೆ ಇದೆ.

ಉಪ್ಪುಕಾಗದ ಹಿಡಿದು ಕೈಯಿಂದ ಉಜ್ಜುವ ತಾಳ್ಮೆ ಈಗ ಕಡಿಮೆಯಾಗಿದೆ. ತಂತಿಯ ಚಕ್ರ ಸಿಕ್ಕಿಸಿದ ಗ್ರೈಂಡರ್ ಬಂದಿದೆ. ಇನ್ನು ಕೆಲವರು ಬಾಡಿಗೆಗೆ ಕಂಪ್ರೆಸರ್ ತಂದು, ಇಲ್ಲವೇ ಅಗ್ಗದ ಬ್ಲಾಸ್ಟಿಂಗ್ ಗನ್ ಕೊಂಡು, ಮನೆ ಕಟ್ಟುವಾಗ ಉಳಿದ ಮರಳನ್ನೇ ಜರಡಿ ಹಿಡಿದು ಅದಕ್ಕೆ ತುಂಬಿ ಗೇಟಿಗೆ ಊದುತ್ತಾರೆ. ಎರಡು ದಿನದ ಕೆಲಸ ಎರಡು ಗಂಟೆಯಲ್ಲಿ ಮುಗಿಯುತ್ತದೆ, ಕಬ್ಬಿಣ ಬೆಳ್ಳಿಯ ಹಾಗೆ ಹೊಳೆಯುತ್ತದೆ. ಮನೆಯಲ್ಲಿ ಇದನ್ನು ಮಾಡಬಹುದೇ ಎಂದು ಕೇಳುವವರಿಗೆ ನನ್ನ ಉತ್ತರ ಚಿಕ್ಕದು: ಮರಳಿನಿಂದ ಮಾಡಲೇಬೇಡಿ, ಬೇರೆ ಯಾವುದರಿಂದಲೂ ಮನೆಯಂಗಳದಲ್ಲಿ ಮಾಡದಿರುವುದೇ ಒಳ್ಳೆಯದು. ಕಾರಣ ಮಾತ್ರ ಸ್ವಲ್ಪ ವಿವರವಾಗಿ ಹೇಳಬೇಕು.

ಮರಳು ಒಡೆದಾಗ

ಒತ್ತಡದ ಗಾಳಿಯಲ್ಲಿ ಮರಳು ಹಾರಿಸಿ ಗಟ್ಟಿ ವಸ್ತುಗಳನ್ನು ಕೆರೆಯುವ ವಿಧಾನಕ್ಕೆ ಅಮೆರಿಕದ ಬೆಂಜಮಿನ್ ಟಿಲ್ಗ್‌ಮನ್ ಎಂಬಾತ 1870ರಲ್ಲಿ ಪೇಟೆಂಟ್ ಪಡೆದ. ತತ್ವ ಸರಳ. ಚದರ ಸೆಂಟಿಮೀಟರಿಗೆ ಸುಮಾರು 7 ಕಿಲೋ ಒತ್ತಡದ ಗಾಳಿ ಕಣಗಳನ್ನು ವೇಗವಾಗಿ ಹೊತ್ತೊಯ್ದು ಲೋಹಕ್ಕೆ ಅಪ್ಪಳಿಸುತ್ತದೆ, ಬಣ್ಣವೂ ತುಕ್ಕೂ ಚೂರಾಗಿ ಹಾರುತ್ತವೆ. ಆದರೆ ಚೂರಾಗುವುದು ಬಣ್ಣ ಮಾತ್ರವಲ್ಲ, ಮರಳೂ ಚೂರಾಗುತ್ತದೆ. ಹೊಳೆಯ ಮರಳಿನ ಬಹುಭಾಗ ಕ್ವಾರ್ಟ್ಸ್, ಅಂದರೆ ಹರಳಿನ ರೂಪದ ಸಿಲಿಕಾ. ಈಗ ಬಳಕೆಯಲ್ಲಿರುವ ಎಂ ಸ್ಯಾಂಡ್ ಬಂದದ್ದು ಗ್ರಾನೈಟಿನಂಥ ಕಲ್ಲಿನಿಂದ, ಗ್ರಾನೈಟಿನಲ್ಲಿಯೂ ಐದನೇ ಒಂದು ಭಾಗಕ್ಕಿಂತ ಹೆಚ್ಚು ಕ್ವಾರ್ಟ್ಸ್ ಇರುತ್ತದೆ. ಹಾಗಾಗಿ 'ಇದು ಹೊಳೆಯ ಮರಳಲ್ಲ, ಪರವಾಗಿಲ್ಲ' ಎನ್ನುವಂತಿಲ್ಲ.

ನಿಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಸಾವಿರ ಭಾಗಗಳಲ್ಲಿ ಎಪ್ಪತ್ತು ಭಾಗ ಎಂದಿಟ್ಟುಕೊಳ್ಳಿ. ಬ್ಲಾಸ್ಟಿಂಗ್ ಮಾಡುವಾಗ ಏಳುವ ಬಿಳಿಯ ಮೋಡದಲ್ಲಿ ಕಣ್ಣಿಗೆ ಕಾಣುವ ದೊಡ್ಡ ಕಣಗಳು ಬೇಗ ನೆಲಕ್ಕೆ ಬೀಳುತ್ತವೆ, ಅವುಗಳಲ್ಲಿ ಉಸಿರಿಗೆ ಸಿಕ್ಕವನ್ನು ಮೂಗಿನ ಕೂದಲು ಮತ್ತು ಲೋಳೆ ತಡೆಯುತ್ತವೆ. ತೊಂದರೆ ಕೊಡುವುದು ಕಣ್ಣಿಗೆ ಕಾಣದ, 5 ಮೈಕ್ರಾನಿಗಿಂತ ಸಣ್ಣ ಕಣಗಳು. ಇವು ಗಾಳಿಯಲ್ಲಿ ಗಂಟೆಗಟ್ಟಲೆ ತೇಲುತ್ತವೆ, ಉಸಿರಿನೊಡನೆ ಶ್ವಾಸಕೋಶದ ಕೊನೆಯ ಗಾಳಿಚೀಲಗಳವರೆಗೆ ಹೋಗುತ್ತವೆ. ಅಲ್ಲಿ ಕಸ ತೆಗೆಯುವ ಕೆಲಸದ ಭಕ್ಷಕ ಕೋಶಗಳು ಇವನ್ನು ನುಂಗುತ್ತವೆ. ಸಾಧಾರಣ ಧೂಳನ್ನಾದರೆ ಹೊತ್ತು ಹೊರಹಾಕುತ್ತವೆ. ಸಿಲಿಕಾ ನುಂಗಿದ ಕೋಶ ತಾನೇ ಸಾಯುತ್ತದೆ, ಸಾಯುವಾಗ ಉರಿಯೂತದ ರಾಸಾಯನಿಕಗಳನ್ನು ಚೆಲ್ಲುತ್ತದೆ, ಕಣ ಮತ್ತೆ ಹೊರಬಿದ್ದು ಇನ್ನೊಂದು ಕೋಶದ ಪಾಲಾಗುತ್ತದೆ. ಹೀಗೆ ವರ್ಷಗಟ್ಟಲೆ ನಡೆದು ಅಲ್ಲಿ ಗಾಯದ ಕಲೆಯಂಥ ಗಟ್ಟಿ ಗಂಟುಗಳು ಬೆಳೆಯುತ್ತವೆ. ಇದೇ ಸಿಲಿಕೋಸಿಸ್. ಆಗತಾನೇ ಒಡೆದ ಸಿಲಿಕಾ ಕಣ ಹಳೆಯ ಕಣಕ್ಕಿಂತ ಹೆಚ್ಚು ಕೆಟ್ಟದ್ದು ಎಂಬುದೂ ತಿಳಿದಿದೆ. ಬ್ಲಾಸ್ಟಿಂಗ್‌ನಲ್ಲಿ ಏಳುವುದೆಲ್ಲ ಆಗತಾನೇ ಒಡೆದದ್ದು.

ಈ ರೋಗವನ್ನು ಗುಣಪಡಿಸುವ ಔಷಧಿ ಇಲ್ಲ. ಧೂಳಿನ ಕೆಲಸ ಬಿಟ್ಟ ಮೇಲೂ ಅದು ಮುಂದುವರಿಯಬಹುದು. ಜೊತೆಗೆ ಸಿಲಿಕೋಸಿಸ್ ಇರುವವರಿಗೆ ಕ್ಷಯ ತಗಲುವ ಸಂಭವ ಇತರರಿಗಿಂತ ಬಹಳ ಹೆಚ್ಚು. ನಮ್ಮಲ್ಲಿ ಎಷ್ಟೋ ಸಲ ಸಿಲಿಕೋಸಿಸನ್ನೇ ಕ್ಷಯವೆಂದು ತಿಳಿದು ಚಿಕಿತ್ಸೆ ನಡೆಯುವುದೂ ಉಂಟು. 1997ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಹರಳಿನ ಸಿಲಿಕಾ ಧೂಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು.

ಕನ್ನಡನಾಡಿಗೆ ಈ ಕಾಯಿಲೆ ಹೊಸದಲ್ಲ. 2001ರಲ್ಲಿ ಮುಚ್ಚಿದ ಕೋಲಾರದ ಚಿನ್ನದ ಗಣಿಗಳಲ್ಲಿ ಬಂಡೆ ಕೊರೆದವರ ಎದೆಯಲ್ಲಿ ವೈದ್ಯರು ಇದನ್ನು ದಶಕಗಳ ಹಿಂದೆಯೇ ಗುರುತಿಸಿದ್ದರು. ಆದರೆ ಬ್ಲಾಸ್ಟಿಂಗ್‌ನ ಕೆಡುಕು ಎಷ್ಟು ಬೇಗ ತೋರುತ್ತದೆ ಎಂಬುದನ್ನು ತಿಳಿಯಲು ಟರ್ಕಿ ದೇಶದ ಉದಾಹರಣೆ ನೋಡಬೇಕು. ಅಲ್ಲಿ ಜೀನ್ಸ್ ಬಟ್ಟೆಗೆ 'ಹಳೆಯ' ನೋಟ ಬರಲೆಂದು ಮರಳು ಊದುತ್ತಿದ್ದರು. ಗಾಳಿಯಾಡದ ಚಿಕ್ಕ ಕೋಣೆ, ಹದಿಹರೆಯ ದಾಟದ ಹುಡುಗರು, ಬಾಯಿಗೆ ಕಟ್ಟಿದ ಬಟ್ಟೆ. ಗಣಿಯಲ್ಲಿ ಇಪ್ಪತ್ತು ವರ್ಷ ದುಡಿದವನಿಗೆ ಬರುವ ಕಾಯಿಲೆ ಈ ಹುಡುಗರಿಗೆ ಕೆಲವೇ ವರ್ಷಗಳಲ್ಲಿ ಬಂತು, ಹಲವರು ಸತ್ತರು. ಬಟ್ಟೆಗೆ ಮರಳು ಊದುವುದನ್ನು ಟರ್ಕಿ 2009ರಲ್ಲಿ ನಿಷೇಧಿಸಿತು. ಬ್ರಿಟನ್ನಿನ ಕಾರ್ಖಾನೆಗಳಲ್ಲಿ ಎರಕದ ಸಾಮಾನುಗಳಿಗೆ ಮರಳು ಊದುವುದನ್ನು 1949ರ ನಿಯಮಗಳೇ ತಡೆದಿದ್ದವು. ನಡುವೆ ಅರವತ್ತು ವರ್ಷ.

ಇಲ್ಲಿ ಒಂದು ಮಾತು ಸ್ಪಷ್ಟಪಡಿಸಬೇಕು. ಒಂದು ಭಾನುವಾರ ನಿಮ್ಮ ಗೇಟಿಗೆ ಮರಳು ಊದಿದ ಮಾತ್ರಕ್ಕೆ ನಿಮಗೆ ಸಿಲಿಕೋಸಿಸ್ ಬಂದೇಬಿಡುತ್ತದೆ ಎಂದು ಹೆದರಿಸಿದರೆ ತಪ್ಪಾಗುತ್ತದೆ. ಬಹುತೇಕ ಈ ರೋಗ ಮತ್ತೆ ಮತ್ತೆ ಧೂಳು ಕುಡಿದವರದ್ದು. ಆದರೆ ನೀವು ಐನೂರೋ ಸಾವಿರವೋ ಕೊಟ್ಟು ಕರೆಸಿದ ಹುಡುಗ ಇಂದು ನಿಮ್ಮ ಗೇಟು, ನಾಳೆ ಪಕ್ಕದ ಬೀದಿಯ ಗೇಟು ಎಂದು ವರ್ಷವಿಡೀ ಇದನ್ನೇ ಮಾಡುತ್ತಾನೆ. ಅವನ ಎದೆಗೆ ನಿಮ್ಮ ಮನೆಯದ್ದೂ ಒಂದು ಪಾಲು ಸೇರುತ್ತದೆ. ಮನೆಯವರಿಗಿರುವ ದೊಡ್ಡ ಅಪಾಯ ಬೇರೆಯದು. ಅದು ಮರಳಿನಲ್ಲಿಲ್ಲ, ಹಳೆಯ ಬಣ್ಣದಲ್ಲಿದೆ.

ಬಣ್ಣದೊಳಗಿನ ಸೀಸ

ಆಸ್ಟ್ರೇಲಿಯದ ಬ್ರಿಸ್ಬೇನ್ ನಗರ ನಮ್ಮ ಕರಾವಳಿಯ ಹಾಗೆ ಬಿಸಿಲು, ಮಳೆ ಎರಡೂ ಜೋರಾಗಿರುವ ಊರು. ಅಲ್ಲಿನ ಮನೆಗಳಿಗೆ ಅಗಲವಾದ ವರಾಂಡ, ಬಣ್ಣ ಬಳಿದ ಕಟಕಟೆ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಅಲ್ಲಿನ ಮಕ್ಕಳಿಗೆ ಹೊಟ್ಟೆನೋವು, ಕೈಕಾಲು ಸೋಲುವುದು, ದೃಷ್ಟಿ ಮಂಕಾಗುವುದು ಕಾಣಿಸಿಕೊಂಡಿತು. ಸೀಸದ ವಿಷ ಎಂದು ಗೊತ್ತಾಯಿತು, ಎಲ್ಲಿಂದ ಬಂತೆಂದು ಗೊತ್ತಾಗಲಿಲ್ಲ. ಕಣ್ಣಿನ ವೈದ್ಯ ಲಾಕ್‌ಹಾರ್ಟ್ ಗಿಬ್ಸನ್ 1904ರಲ್ಲಿ ಕಾರಣ ತೋರಿಸಿಕೊಟ್ಟರು. ಬಿಸಿಲಿಗೆ ವರಾಂಡದ ಕಟಕಟೆಯ ಬಣ್ಣ ಹುಡಿಯಾಗುತ್ತದೆ, ಮಕ್ಕಳು ಅದನ್ನು ಹಿಡಿದು ಆಡುತ್ತಾರೆ, ಅದೇ ಬೆರಳನ್ನು ಬಾಯಿಗಿಡುತ್ತಾರೆ. ಇಷ್ಟೇ. ಮಕ್ಕಳ ಕೈಗೆ ಎಟುಕುವ ಜಾಗದಲ್ಲಿ ಸೀಸದ ಬಣ್ಣ ಬಳಿಯಬಾರದೆಂದು ಕ್ವೀನ್ಸ್‌ಲ್ಯಾಂಡ್ ರಾಜ್ಯ 1922ರಲ್ಲಿ ಕಾನೂನು ಮಾಡಿತು. ಅಮೆರಿಕ ಮನೆಬಳಕೆಯ ಬಣ್ಣದಲ್ಲಿ ಸೀಸವನ್ನು ತಡೆದದ್ದು 1978ರಲ್ಲಿ. ನಮ್ಮಲ್ಲಿ 2016ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ನಿಯಮ ಹೊರಡಿಸಿ, ಮನೆಬಳಕೆಯ ಮತ್ತು ಅಲಂಕಾರದ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದು ಎಂದಿತು. ಅದು ಜಾರಿಗೆ ಬಂದದ್ದು 2017ರ ನವೆಂಬರ್ 1ರಿಂದ. ಅಂದರೆ ಅದಕ್ಕೂ ಮುಂಚೆ ಬಳಿದ ಎನಾಮಲ್ ಬಣ್ಣದಲ್ಲಿ ಸೀಸ ಇದೆ ಎಂದೇ ತಿಳಿದು ನಡೆಯುವುದು ಕ್ಷೇಮ. ಹಳದಿ, ಕೆಂಪು, ಕಿತ್ತಳೆ, ಹಸಿರು ಬಣ್ಣಗಳಲ್ಲಿ ಇದು ಹೆಚ್ಚು. ಗೋಡೆಯ ಡಿಸ್ಟೆಂಪರ್, ಎಮಲ್ಷನ್‌ಗಳಲ್ಲಿ ಕಡಿಮೆ.

ಗ್ರಿಲ್ ಕೆರೆದರೆ ಕಟ್ಟಕಡೆಗೆ ಸಿಗುವ ಕಂದುಗೆಂಪು ಪದರ ನಿಮಗೆ ಗೊತ್ತಿರುವ ರೆಡ್ ಆಕ್ಸೈಡ್. ಅದರ ಬಣ್ಣ ಕಬ್ಬಿಣದ ಆಕ್ಸೈಡಿನದು, ಅದರಲ್ಲಿ ವಿಷವಿಲ್ಲ. ಆದರೆ ಡಬ್ಬದ ಮೇಲೆ 'ರೆಡ್ ಆಕ್ಸೈಡ್ ಜಿಂಕ್ ಕ್ರೋಮೇಟ್' ಎಂದಿದ್ದರೆ, ಆ ಕ್ರೋಮೇಟಿನ ಧೂಳು ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವಾಗಬಲ್ಲದು. ಇನ್ನು ಸೇತುವೆ, ಹಡಗು, ಹಳೆಯ ಕಬ್ಬಿಣದ ತೊಲೆಗಳಿಗೆ ಬಳಿಯುತ್ತಿದ್ದ ಕಿತ್ತಳೆಗೆಂಪಿನ 'ರೆಡ್ ಲೆಡ್' ಹೆಸರೇ ಹೇಳುವಂತೆ ಸೀಸದ ಆಕ್ಸೈಡ್. ಹಳೇ ಕಬ್ಬಿಣದ ಅಂಗಡಿಯಿಂದ ತೊಲೆ, ಆಂಗಲ್ ತಂದು ಚಪ್ಪರ ಹಾಕಿಸಿದವರು ಇದನ್ನು ಗಮನಿಸಬೇಕು.

ಸ್ವಲ್ಪ ಲೆಕ್ಕ ಮಾಡೋಣ. ನಾಲ್ಕಾರು ಸಲ ಬಳಿದ ಬಣ್ಣದ ಪದರ ಮಿಲಿಮೀಟರಿನ ಹತ್ತನೇ ಒಂದು ಭಾಗ ದಪ್ಪವಿದೆ ಎನ್ನಿ. ಒಂದು ಚದರ ಮೀಟರ್ ಜಾಗದಿಂದ ಅದನ್ನು ಕಿತ್ತರೆ ಸುಮಾರು 150 ಗ್ರಾಂ ಹುಡಿ ಬರುತ್ತದೆ. ಅದರಲ್ಲಿ ನೂರಕ್ಕೆ ಒಂದು ಪಾಲು ಸೀಸವಿದ್ದರೂ ಒಂದೂವರೆ ಗ್ರಾಂ ಆಯಿತು, ಎಂದರೆ 15 ಲಕ್ಷ ಮೈಕ್ರೋಗ್ರಾಂ. ಮಕ್ಕಳ ಆಹಾರದ ಮೂಲಕ ದಿನಕ್ಕೆ 2.2 ಮೈಕ್ರೋಗ್ರಾಂಗಿಂತ ಹೆಚ್ಚು ಸೀಸ ಹೋಗಬಾರದೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2022ರಲ್ಲಿ ಇಟ್ಟುಕೊಂಡ ಅಳತೆ. ಒಂದು ಗೇಟಿನ ಹುಡಿ ಅಂಗಳದಲ್ಲಿ, ತುಳಸಿಕಟ್ಟೆಯ ಮೇಲೆ, ಒಣಹಾಕಿದ ಬಟ್ಟೆಯ ಮೇಲೆ, ಹರಿವೆ ಸೊಪ್ಪಿನ ಪಾತಿಯಲ್ಲಿ, ಬಾಯಿ ತೆರೆದ ನೀರಿನ ಸಂಪಿನಲ್ಲಿ ಕೂತರೆ ಏನಾಗುತ್ತದೆಂದು ನೀವೇ ಊಹಿಸಿ. ಸೀಸ ಕೊಳೆಯುವುದಿಲ್ಲ, ಆವಿಯಾಗುವುದಿಲ್ಲ. ಮಣ್ಣಿಗೆ ಬಿದ್ದರೆ ಮಣ್ಣಿನ ಮೇಲ್ಪದರದಲ್ಲೇ ವರ್ಷಗಟ್ಟಲೆ ಇರುತ್ತದೆ.

ಮಕ್ಕಳ ವಿಷಯದಲ್ಲಿ ಇಷ್ಟು ಒತ್ತಿ ಹೇಳಲು ಕಾರಣವಿದೆ. ನುಂಗಿದ ಸೀಸದಲ್ಲಿ ದೊಡ್ಡವರ ಕರುಳು ಹೀರುವುದು ಹತ್ತರಲ್ಲಿ ಒಂದು ಪಾಲಾದರೆ, ಚಿಕ್ಕಮಕ್ಕಳ ಕರುಳು ಹೆಚ್ಚುಕಡಿಮೆ ಅರ್ಧದಷ್ಟನ್ನು ಹೀರುತ್ತದೆ. ಕಬ್ಬಿಣ, ಕ್ಯಾಲ್ಸಿಯಂ ಕೊರತೆ ಇರುವ ಮಗುವಾದರೆ ಇನ್ನೂ ಹೆಚ್ಚು, ಮತ್ತು ನಮ್ಮ ಮಕ್ಕಳಲ್ಲಿ ರಕ್ತಹೀನತೆ ಎಷ್ಟು ಸಾಮಾನ್ಯ ಎಂಬುದು ಎಲ್ಲರಿಗೂ ತಿಳಿದದ್ದೇ. ದೇಹಕ್ಕೆ ಸೀಸ ಯಾವುದು, ಕ್ಯಾಲ್ಸಿಯಂ ಯಾವುದು ಎಂದು ಸರಿಯಾಗಿ ಗೊತ್ತಾಗುವುದಿಲ್ಲ. ಮೂಳೆಯಲ್ಲಿ ಜೋಪಾನವಾಗಿ ಕೂಡಿಟ್ಟುಕೊಳ್ಳುತ್ತದೆ, ಅಲ್ಲಿಂದ ಅದು ಹೊರಹೋಗಲು ದಶಕಗಳು ಬೇಕು. ಹುಡುಗಿಯಾಗಿದ್ದಾಗ ಮೂಳೆ ಸೇರಿದ ಸೀಸ, ಆಕೆ ಬಸುರಿಯಾದಾಗ ಕ್ಯಾಲ್ಸಿಯಂ ಜೊತೆ ಕರಗಿ ಹೊಟ್ಟೆಯಲ್ಲಿರುವ ಕೂಸನ್ನು ತಲುಪಬಲ್ಲದು. ಬೆಳೆಯುವ ಮಿದುಳಿಗೆ ಇದು ಮಾಡುವ ಹಾನಿ ಹೊರಗೆ ತೋರುವುದಿಲ್ಲ. ಜ್ವರವಿಲ್ಲ, ನೋವಿಲ್ಲ. ಮಗು ಸ್ವಲ್ಪ ಸಿಡುಕಾಗುತ್ತದೆ, ಊಟ ಬೇಡವೆನ್ನುತ್ತದೆ, ಪಾಠದಲ್ಲಿ ಗಮನ ನಿಲ್ಲುವುದಿಲ್ಲ. 'ಓದಿನಲ್ಲಿ ಮಂದ' ಎಂದು ಶಾಲೆಯಿಂದ ದೂರು ಬರುತ್ತದೆ. ಇದಕ್ಕೂ ಗೇಟಿನ ಬಣ್ಣಕ್ಕೂ ಸಂಬಂಧ ಕಲ್ಪಿಸುವವರಾರು?

1999ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಸೀಸದ ವಿಷದ ಬಗ್ಗೆ ಅಂತಾರಾಷ್ಟ್ರೀಯ ಸಮ್ಮೇಳನ ನಡೆದಿತ್ತು. ಆ ಸುಮಾರಿಗೆ ದೇಶದ ದೊಡ್ಡ ನಗರಗಳಲ್ಲಿ ಪರೀಕ್ಷಿಸಿದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ರಕ್ತದಲ್ಲಿ ನೂರು ಮಿಲಿಲೀಟರಿಗೆ 10 ಮೈಕ್ರೋಗ್ರಾಂ ಅಥವಾ ಅದಕ್ಕೂ ಹೆಚ್ಚು ಸೀಸ ಕಂಡಿತ್ತು. ಆಗ ಪೆಟ್ರೋಲಿನಲ್ಲೂ ಸೀಸವಿತ್ತು, 2000ದಲ್ಲಿ ಅದು ದೇಶದಾದ್ಯಂತ ನಿಂತಿತು. ಈಗ ವಿಶ್ವ ಆರೋಗ್ಯ ಸಂಸ್ಥೆ 5 ಮೈಕ್ರೋಗ್ರಾಂ ಕಂಡರೇ ಮೂಲ ಹುಡುಕಿ ಎನ್ನುತ್ತದೆ, ಇಷ್ಟರವರೆಗೆ ಸುರಕ್ಷಿತ ಎಂಬ ಮಟ್ಟವೇ ಗೊತ್ತಿಲ್ಲ ಎಂದೂ ಹೇಳುತ್ತದೆ.

ದೊಡ್ಡವರೂ ಪಾರಾಗುವುದಿಲ್ಲ. ಎರಡು ಮೂರು ದಿನ ಒಣ ಉಜ್ಜಿದ ಬಳಿಕ ಹೊಟ್ಟೆ ಹಿಂಡಿದಂಥ ನೋವು, ಮಲಬದ್ಧತೆ, ಬಾಯಲ್ಲಿ ಲೋಹದ ರುಚಿ, ತಲೆನೋವು ಬಂದರೆ ಅದನ್ನು ಬರೀ ಆಯಾಸವೆಂದು ತಳ್ಳಿಹಾಕಬೇಡಿ. ವರ್ಷಗಟ್ಟಲೆ ಈ ಕೆಲಸ ಮಾಡುವವರಲ್ಲಿ ರಕ್ತದೊತ್ತಡ, ಮೂತ್ರಪಿಂಡದ ತೊಂದರೆ, ಮಣಿಕಟ್ಟು ಜೋಲುಬೀಳುವುದು ಕಾಣಿಸಿಕೊಳ್ಳುತ್ತವೆ.

ತೆಗೆಯಲೇಬೇಕೇ?

ಬಣ್ಣ ಹಚ್ಚುವ ಉತ್ಸಾಹದಲ್ಲಿ ಕೇಳಿಕೊಳ್ಳದೆ ಹೋಗುವ ಪ್ರಶ್ನೆ ಇದು. ಗಟ್ಟಿಯಾಗಿ ಕೂತಿರುವ, ಸಿಪ್ಪೆ ಏಳದ ಹಳೆಯ ಬಣ್ಣದಲ್ಲಿ ಸೀಸವಿದ್ದರೂ ಅದು ಅಲ್ಲೇ ಇರುವಷ್ಟು ದಿನ ಹೆಚ್ಚಿನ ತೊಂದರೆ ಇಲ್ಲ. ಅದನ್ನು ಒದ್ದೆ ಬಟ್ಟೆಯಿಂದ ಒರೆಸಿ, ಹೊಳಪು ಮುರಿಯುವಷ್ಟು ಮಾತ್ರ ನೀರು ಹಾಕಿ ಉಜ್ಜಿ, ಮೇಲೆ ಹೊಸ ಬಣ್ಣ ಕೊಟ್ಟರೆ ಸಾಕು. ತುಕ್ಕು ಎದ್ದಲ್ಲಿ, ಹೊಪ್ಪಳೆ ಬಂದಲ್ಲಿ ಮಾತ್ರ ಕೆರೆಯಿರಿ. ಇಡೀ ಗೇಟನ್ನು ಬೆಳ್ಳಗಾಗಿಸಬೇಕೆಂಬ ಹಟ ಹಡಗಿಗೆ, ಸೇತುವೆಗೆ ಸರಿ, ಮನೆಗೆ ಅನಗತ್ಯ ಎಂಬುದು ನನ್ನ ಅಭಿಪ್ರಾಯ.

ಕೆರೆಯುವಾಗ ನೀರು ನಿಮ್ಮ ದೊಡ್ಡ ಸ್ನೇಹಿತ. ಅಂಗಡಿಯಲ್ಲಿ ವಾಟರ್ ಪೇಪರ್ ಎಂದು ಕೇಳಿದರೆ ನೀರಿನಲ್ಲಿ ನೆನೆದರೂ ಹಾಳಾಗದ ಉಪ್ಪುಕಾಗದ ಸಿಗುತ್ತದೆ. ಬಕೆಟ್ಟಿನಲ್ಲಿ ನೀರು, ಎರಡು ಹನಿ ಪಾತ್ರೆ ತೊಳೆಯುವ ಸಾಬೂನು. ಕಾಗದವನ್ನು ಅದ್ದಿ ಅದ್ದಿ ಉಜ್ಜಿದರೆ ಹುಡಿ ಹಾರದೆ ಕೆಸರಾಗಿ ಇಳಿಯುತ್ತದೆ, ಬಟ್ಟೆಯಿಂದ ಒರೆಸಿಕೊಂಡರಾಯಿತು. ಗಿಡಕ್ಕೆ ನೀರು ಚಿಮುಕಿಸುವ ಕೈಪಂಪಿನ ಬಾಟಲಿ ಇದ್ದರೆ ಇನ್ನೂ ಅನುಕೂಲ. ಕಬ್ಬಿಣಕ್ಕೆ ನೀರು ತಗಲಿದರೆ ಮತ್ತೆ ತುಕ್ಕು ಹಿಡಿಯುವುದಿಲ್ಲವೇ ಎಂದು ಪೇಂಟರು ತಕರಾರು ತೆಗೆಯುತ್ತಾನೆ. ಹಿಡಿಯುತ್ತದೆ, ತಡಮಾಡಿದರೆ. ಒಣಬಟ್ಟೆಯಿಂದ ಒರೆಸಿ ಬಿಸಿಲಿನಲ್ಲಿ ಅರ್ಧ ಗಂಟೆ ಬಿಟ್ಟು ಅಂದೇ ಪ್ರೈಮರ್ ಹಚ್ಚಿಸಿ. ಒಂದು ಎಚ್ಚರಿಕೆ: ನೀರು ಕೈಕೆಲಸಕ್ಕೆ ಮಾತ್ರ. ಕರೆಂಟಿನ ಗ್ರೈಂಡರ್, ಸ್ಯಾಂಡರ್ ಇರುವಲ್ಲಿ ನೀರು ಬೆರೆಸಿದರೆ ಶಾಕ್ ಹೊಡೆದು ಪ್ರಾಣ ಹೋದೀತು.

ಬೀಗ, ಕೀಲು, ಕತ್ತಿ, ಹಳೆಯ ಸ್ಕ್ರೂಗಳಂಥ ಚಿಕ್ಕ ಸಾಮಾನಿನ ತುಕ್ಕಿಗೆ ಉಜ್ಜುವ ಕಷ್ಟವೂ ಬೇಡ. ವಿನೆಗರಿನಲ್ಲೋ ಹುಣಸೆಹಣ್ಣಿನ ಗಟ್ಟಿ ರಸದಲ್ಲೋ ಒಂದು ರಾತ್ರಿ ನೆನೆಹಾಕಿ, ಬೆಳಿಗ್ಗೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದರೆ ಹೆಚ್ಚಿನದು ಬಿಡುತ್ತದೆ. ಹಿತ್ತಾಳೆ ಪಾತ್ರೆ ಬೆಳಗಿದ ನಮ್ಮ ಅಜ್ಜಿಯರಿಗೆ ಹುಣಸೆಯ ಆಮ್ಲದ ಗುಣ ಹೇಳಿಕೊಡಬೇಕಾಗಿರಲಿಲ್ಲ.

ಕೆಲಸದ ದಿನ ಚಿಕ್ಕಮಕ್ಕಳನ್ನೂ ಬಸುರಿಯರನ್ನೂ ನೆಂಟರ ಮನೆಗೆ ಕಳುಹಿಸಿಬಿಡಿ. 'ಒಳಗಿನ ಕೋಣೆಯಲ್ಲಿರಲಿ' ಎಂದರೆ ಸಾಲದು. ಗ್ರಿಲ್ಲಿನ ಕೆಳಗೆ ಎರಡು ಮೀಟರ್ ಅಗಲಕ್ಕೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ಅಂಚು ಮೇಲಕ್ಕೆ ಮಡಿಸಿ ಇಟ್ಟಿಗೆ ಇಡಿ. ಆ ಬದಿಯ ಕಿಟಕಿ ಬಾಗಿಲು ಮುಚ್ಚಿರಲಿ. ಸಂಪಿನ ಮುಚ್ಚಳದ ಮೇಲೆ ಒಂದು ಹಾಳೆ, ಬಾವಿ ಇದ್ದರೆ ಅದಕ್ಕೂ ಒಂದು ಹೊದಿಕೆ ಹಾಕಿ. ನಾಯಿ, ಕೋಳಿ ಆ ಕಡೆ ಸುಳಿಯದಿರಲಿ. ಗಾಳಿ ಜೋರಾಗಿದ್ದರೆ ಕೆಲಸ ಮುಂದಕ್ಕೆ ಹಾಕಿ. ಕೆಲಸ ಮಾಡುವಾಗ ಎಲೆ ಅಡಿಕೆ, ಬೀಡಿ, ಚಹಾ ಬೇಡ, ಏಕೆಂದರೆ ಸೀಸ ದೊಡ್ಡವರ ಹೊಟ್ಟೆ ಸೇರುವ ಮುಖ್ಯ ದಾರಿ ಅವರದೇ ಬೆರಳು.

ಮೂಗಿಗೆ ಕರವಸ್ತ್ರ ಕಟ್ಟಿಕೊಂಡರೆ ಮನಸ್ಸಿಗೆ ಸಮಾಧಾನ, ಶ್ವಾಸಕೋಶಕ್ಕೆ ಏನೂ ಪ್ರಯೋಜನವಿಲ್ಲ. ಸಡಿಲವಾಗಿ ಕೂರುವ ನೀಲಿ ಸರ್ಜಿಕಲ್ ಮಾಸ್ಕೂ ಅಷ್ಟೇ. ಕೋವಿಡ್ ಕಾಲದಲ್ಲಿ ಎಲ್ಲರಿಗೂ ಪರಿಚಯವಾದ ಎನ್-95 ಮಾಸ್ಕ್ ಕೈಯಿಂದ ಒದ್ದೆ ಉಜ್ಜುವ ಕೆಲಸಕ್ಕೆ ಸಾಕು, ಮುಖಕ್ಕೆ ಸುತ್ತಲೂ ಬಿಗಿಯಾಗಿ ಕೂತಿದ್ದರೆ. ಗಡ್ಡವಿದ್ದರೆ ಅದು ಕೂರುವುದಿಲ್ಲ, ಗಾಳಿ ಪಕ್ಕದಿಂದ ನುಸುಳುತ್ತದೆ. ಬ್ಲಾಸ್ಟಿಂಗ್‌ಗೆ ಮಾತ್ರ ಎನ್-95 ಏನೇನೂ ಸಾಲದು. ತಲೆಯಿಂದ ಭುಜದವರೆಗೆ ಮುಚ್ಚುವ, ಹೊರಗಿನಿಂದ ಶುದ್ಧ ಗಾಳಿ ಕೊಳವೆಯಲ್ಲಿ ಬರುವ ಟೋಪಿಯೇ ಬೇಕು. ಅದು ಬಾಡಿಗೆ ಅಂಗಡಿಯಲ್ಲಿ ಕಂಪ್ರೆಸರಿನ ಜೊತೆ ಸಿಗುವ ವಸ್ತುವಲ್ಲ, ಮತ್ತು ಅದೇ ಕಂಪ್ರೆಸರಿನ ಗಾಳಿಯನ್ನು ನೇರ ಉಸಿರಾಡಲೂ ಆಗದು. ಅದರಲ್ಲಿ ಎಣ್ಣೆಯ ಆವಿ, ಇಂಜಿನ್ನಿನ ಹೊಗೆ ಸೇರಿಕೊಂಡು ಕಾರ್ಬನ್ ಮಾನಾಕ್ಸೈಡ್ ಇರಬಹುದು.

ಮುಗಿದ ಮೇಲೆ ಪೊರಕೆ ಹಿಡಿಯಬೇಡಿ. ಒಣ ಪೊರಕೆ ನೆಲದ ಧೂಳನ್ನು ಮತ್ತೆ ಮೂಗಿನ ಎತ್ತರಕ್ಕೆ ತರುತ್ತದೆ. ಮನೆಯ ಸಾಧಾರಣ ವ್ಯಾಕ್ಯೂಮ್ ಕ್ಲೀನರ್ ಸೂಕ್ಷ್ಮ ಕಣಗಳನ್ನು ಹಿಂದಿನಿಂದ ಊದುತ್ತದೆ. ಪ್ಲಾಸ್ಟಿಕ್ ಹಾಳೆಗೆ ನೀರು ಚಿಮುಕಿಸಿ, ಒಳಮುಖವಾಗಿ ಸುತ್ತಿ, ಚೀಲದಲ್ಲಿ ಕಟ್ಟಿ. ನೆಲವನ್ನು ಸಾಬೂನು ನೀರಿನಿಂದ ಎರಡು ಸಲ ಒರೆಸಿ, ಎರಡನೇ ಸಲ ಹೊಸ ನೀರು. ಆ ಕೆಸರನ್ನು ಗಿಡದ ಬುಡಕ್ಕೆ ಸುರಿಯುವ ಅಭ್ಯಾಸ ಬಹಳ ಮನೆಗಳಲ್ಲಿದೆ, ಈ ಒಂದು ದಿನ ಅದು ಬೇಡ. ಅದನ್ನು ಹಳೆಯ ಬಟ್ಟೆ, ಕಾಗದಕ್ಕೆ ಹೀರಿಸಿ ಒಣಗಿಸಿ ಕಟ್ಟಿ, ಬಣ್ಣದ ಡಬ್ಬಗಳ ಜೊತೆ ನಗರಸಭೆಯ ಅಪಾಯಕಾರಿ ಕಸದ ಲೆಕ್ಕದಲ್ಲಿ ಕೊಡಿ, ಸುಡಬೇಡಿ. ಉಟ್ಟ ಬಟ್ಟೆಯನ್ನು ಬೇರೆಯಾಗಿ ಒಗೆದು, ತಲೆಗೆ ಸ್ನಾನ ಮಾಡಿದ ಮೇಲೆಯೇ ಮಗುವನ್ನು ಎತ್ತಿಕೊಳ್ಳಿ.

ಇನ್ನೂ ಕೆಟ್ಟ ಉಪಾಯಗಳು

ಧೂಳಿಗೆ ಹೆದರಿ ಕೆಲವರು ಬ್ಲೋ ಲ್ಯಾಂಪಿನಿಂದ ಬಣ್ಣ ಸುಟ್ಟು ಕೆರೆಯುತ್ತಾರೆ. ಧೂಳು ಕಡಿಮೆಯಾಗುವುದು ನಿಜ, ಆದರೆ ಸೀಸ ಹೊಗೆಯಾಗಿ ಏಳುತ್ತದೆ. ಹೊಗೆಯ ಕಣ ಧೂಳಿನ ಕಣಕ್ಕಿಂತಲೂ ಸಣ್ಣದು, ರಕ್ತಕ್ಕೆ ಸುಲಭವಾಗಿ ಸೇರುತ್ತದೆ. ಬಣ್ಣ ಕಿತ್ತುಬರುವಂತೆ ಮಾಡುವ ಪೇಂಟ್ ರಿಮೂವರ್‌ಗಳಲ್ಲಿ ಮೆಥಿಲೀನ್ ಕ್ಲೋರೈಡ್ ಇದ್ದರೆ ಅದನ್ನು ಮುಚ್ಚಿದ ಕೋಣೆಯಲ್ಲಿ, ಸ್ನಾನದ ಮನೆಯಲ್ಲಿ ಬಳಸಲೇಬಾರದು. ದೇಹದೊಳಗೆ ಅದು ಕಾರ್ಬನ್ ಮಾನಾಕ್ಸೈಡ್ ಆಗಿ ಬದಲಾಗುತ್ತದೆ, ಅದರ ಆವಿ ಕುಡಿದು ಪ್ರಜ್ಞೆ ತಪ್ಪಿ ಸತ್ತವರಿದ್ದಾರೆ. ಅಮೆರಿಕ 2019ರಲ್ಲಿ ಇದನ್ನು ಸಾಮಾನ್ಯ ಗ್ರಾಹಕರಿಗೆ ಪೇಂಟ್ ರಿಮೂವರ್ ಆಗಿ ಮಾರುವುದನ್ನು ನಿಲ್ಲಿಸಿತು. ತುಕ್ಕಿಗೆಂದು ಆಸಿಡ್ ಸುರಿದು, ಅದೇ ಜಾಗವನ್ನು ಬ್ಲೀಚಿಂಗ್ ಪುಡಿ ಹಾಕಿ ತೊಳೆದರೆ ಕ್ಲೋರಿನ್ ಅನಿಲ ಏಳುತ್ತದೆ. ಎರಡನ್ನೂ ಒಟ್ಟಿಗೆ ತರಬೇಡಿ.

ಗ್ರೈಂಡರಿನ ತಂತಿಚಕ್ರದ ಬಗ್ಗೆ ಒಂದು ಮಾತು. ಅದರಿಂದ ಕಿತ್ತ ತಂತಿಯ ತುಂಡು ಸೂಜಿಯಂತೆ ಹಾರುತ್ತದೆ. ಸಾಧಾರಣ ಕನ್ನಡಕ ಪಕ್ಕದಿಂದ ಬರುವುದನ್ನು ತಡೆಯುವುದಿಲ್ಲ, ಸುತ್ತ ಮುಚ್ಚಿದ ಕನ್ನಡಕವೇ ಬೇಕು. ಕಂಪ್ರೆಸರಿನ ಗಾಳಿಯಿಂದ ಮೈಮೇಲಿನ ಧೂಳು ಕೊಡವಿಕೊಳ್ಳುವ, ತಮಾಷೆಗೆ ಗೆಳೆಯನ ಮೇಲೆ ಊದುವ ಚಾಳಿಯಂತೂ ಜೀವಕ್ಕೇ ಕುತ್ತು.

ಗೇಟನ್ನು ಬಿಡಿಸಿ ಕಳುಹಿಸಿ

ತುಕ್ಕು ಆಳಕ್ಕಿಳಿದು ಬ್ಲಾಸ್ಟಿಂಗ್ ಮಾಡಿಸಲೇಬೇಕಾದರೆ ಗೇಟನ್ನು ಕೀಲಿನಿಂದ ಬಿಡಿಸಿ ವರ್ಕ್‌ಶಾಪಿಗೆ ಕಳುಹಿಸಿ. ಕಳುಹಿಸುವ ಮೊದಲು ಒಮ್ಮೆ ಹೋಗಿ ನೋಡಿ ಬನ್ನಿ. ಯಾವ ಹುಡಿ ಬಳಸುತ್ತೀರಿ ಎಂದು ಕೇಳಿ. ಗಾರ್ನೆಟ್, ಉಕ್ಕಿನ ಕಾಳು, ಅಲ್ಯುಮಿನಿಯಂ ಆಕ್ಸೈಡ್ ಎಂದರೆ ಮರಳಿಗಿಂತ ಎಷ್ಟೋ ಮೇಲು. ಗಾರ್ನೆಟ್ ತಮಿಳುನಾಡು, ಆಂಧ್ರದ ಕಡಲತೀರದಲ್ಲೇ ಸಿಗುವ ಖನಿಜ. ತಾಮ್ರದ ಕಿಟ್ಟ ಎಂದರೆ ಅದರಲ್ಲಿ ಆರ್ಸೆನಿಕ್‌ನಂಥ ಲೋಹಗಳಿರಬಹುದು. ಹುಡಿ ಯಾವುದೇ ಆಗಿರಲಿ, ಹಳೆಯ ಬಣ್ಣದ ಸೀಸ ಅಷ್ಟೇ ಇರುತ್ತದೆ ಎಂಬುದನ್ನು ಮರೆಯಬೇಡಿ. ಕೆಲಸ ಮುಚ್ಚಿದ ಕ್ಯಾಬಿನ್‌ನಲ್ಲಿ ನಡೆಯುತ್ತದೆಯೇ, ಧೂಳು ಹೀರುವ ಯಂತ್ರವಿದೆಯೇ, ಒಳಗಿರುವವನ ತಲೆಗೆ ಗಾಳಿ ಬರುವ ಟೋಪಿ ಇದೆಯೇ, ಕಿವಿಗೆ ರಕ್ಷಣೆ ಇದೆಯೇ ನೋಡಿ. ಬಾಯಿಗೆ ಟವೆಲ್ ಸುತ್ತಿಕೊಂಡು ಬಿಳಿ ಮೋಡದೊಳಗೆ ನಿಂತ ಹುಡುಗ ಕಂಡರೆ ಬೇರೆ ಅಂಗಡಿ ಹುಡುಕಿ. ಸಿಲಿಕೋಸಿಸನ್ನು ಸರ್ಕಾರಕ್ಕೆ ವರದಿ ಮಾಡಲೇಬೇಕಾದ ರೋಗಗಳ ಪಟ್ಟಿಗೆ 1948ರ ಕಾರ್ಖಾನೆ ಕಾಯ್ದೆಯೇ ಸೇರಿಸಿತ್ತು. ಆದರೆ ದಿನಗೂಲಿಯ ಹುಡುಗನ ಎದೆಯ ಎಕ್ಸ್‌ರೇ ತೆಗೆಸುವವರು ವಿರಳ.

ವೈದ್ಯರ ಬಳಿ ಹೋಗಬೇಕಾದಾಗ

ಕಣ್ಣಿಗೆ ಹುಡಿ ಬಿದ್ದರೆ ಉಜ್ಜಬೇಡಿ. ಶುದ್ಧ ನೀರನ್ನು ಹತ್ತು ಹದಿನೈದು ನಿಮಿಷ ಹರಿಯಬಿಡಿ. ಆಮೇಲೂ ಚುಚ್ಚುತ್ತಿದ್ದರೆ, ಅಥವಾ ಲೋಹದ ಚೂರು ತಗಲಿದ ಅನುಮಾನವಿದ್ದರೆ ಅಂದೇ ಕಣ್ಣಿನ ವೈದ್ಯರಲ್ಲಿಗೆ ಹೋಗಿ. ಕಬ್ಬಿಣದ ಚೂರು ಒಂದೆರಡು ದಿನ ಕೂತರೆ ಕಣ್ಣಿನ ಪಾರದರ್ಶಕ ಪಟಲದಲ್ಲೇ ತುಕ್ಕಿನ ಉಂಗುರ ಬಿಡುತ್ತದೆ. ಬ್ಲಾಸ್ಟಿಂಗ್ ಗನ್ನಿನ ಮೂತಿ ತಗಲಿ ಚರ್ಮದಲ್ಲಿ ಸಣ್ಣ ತೂತಾದರೂ ಅದು ತುರ್ತು ಪರಿಸ್ಥಿತಿ. ಹೊರಗೆ ಚುಕ್ಕೆಯಷ್ಟೇ ಕಂಡರೂ ಗಾಳಿ, ಹುಡಿ ಒಳಗೆ ಬೆರಳಿನುದ್ದ ಹೊಕ್ಕಿರಬಹುದು. ತುಕ್ಕು ತಗಲಿದ ಗಾಯದಿಂದ ಧನುರ್ವಾಯು ಬರುತ್ತದೆ ಎಂಬ ಮಾತು ಅರ್ಧ ನಿಜ. ಅದರ ಸೂಕ್ಷ್ಮಜೀವಿ ಇರುವುದು ಮಣ್ಣು, ಸಗಣಿಯಲ್ಲಿ. ಅಂಗಳದ ಗೇಟಿಗೆ ಅವೆರಡೂ ಮೆತ್ತಿರುತ್ತವೆ. ಗಾಯ ಕೊಳೆಯಾಗಿದ್ದು, ಚುಚ್ಚುಮದ್ದು ಹಾಕಿಸಿ ಐದು ವರ್ಷ ದಾಟಿದ್ದರೆ ಮತ್ತೊಂದು ಹಾಕಿಸಿಕೊಳ್ಳಿ.

ಮನೆಯಲ್ಲಿ ಈಗಾಗಲೇ ಒಣ ಉಜ್ಜುವುದೋ ಊದುವುದೋ ನಡೆದುಹೋಗಿದ್ದು, ಆರು ವರ್ಷದೊಳಗಿನ ಮಗು ಅಥವಾ ಬಸುರಿ ಅಲ್ಲಿದ್ದರೆ ರಕ್ತದಲ್ಲಿ ಸೀಸದ ಪರೀಕ್ಷೆ ಮಾಡಿಸುವುದು ಒಳ್ಳೆಯದು. ದೊಡ್ಡ ಊರುಗಳ ಪ್ರಯೋಗಾಲಯಗಳಲ್ಲಿ ಇದು ಸಾಧ್ಯ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ವೈದ್ಯರು ಸೀಸದ ವಿಷಯದಲ್ಲಿ ಬಹುಕಾಲ ಕೆಲಸ ಮಾಡಿದ್ದಾರೆ. ರಕ್ತದಲ್ಲಿ ಸೀಸ ಅರ್ಧಕ್ಕಿಳಿಯಲು ಸುಮಾರು ಒಂದು ತಿಂಗಳು ಸಾಕು, ಉಳಿದದ್ದು ಮೂಳೆ ಸೇರುತ್ತದೆ. ಆದ್ದರಿಂದ ಆರು ತಿಂಗಳ ನಂತರ ಮಾಡಿಸಿದರೆ ನಿಜಸ್ಥಿತಿ ತಿಳಿಯದೆ ಹೋಗಬಹುದು. ಮೊದಲ ಕೆಲವು ವಾರಗಳಲ್ಲೇ ಮಾಡಿಸಿ. ವೈದ್ಯರು ಕೇಳದಿದ್ದರೂ 'ಮನೆಯಲ್ಲಿ ಹಳೆಯ ಬಣ್ಣ ತೆಗೆಸಿದೆವು' ಎಂದು ನೀವಾಗಿ ಹೇಳಿ. 45 ಮೈಕ್ರೋಗ್ರಾಂ ದಾಟಿದ ಮಕ್ಕಳಿಗೆ ಸೀಸವನ್ನು ಹಿಡಿದು ಮೂತ್ರದಲ್ಲಿ ಹೊರತರುವ ಔಷಧಿಗಳಿವೆ, ಅವನ್ನು ಆಸ್ಪತ್ರೆಯಲ್ಲಿ ತಜ್ಞರೇ ಕೊಡಬೇಕು. ಅದಕ್ಕಿಂತ ಕಡಿಮೆಯಿದ್ದರೆ ಧೂಳಿನ ಮೂಲ ತೆಗೆಯುವುದೇ ಚಿಕಿತ್ಸೆ, ಜೊತೆಗೆ ಹೊಟ್ಟೆ ಖಾಲಿ ಬಿಡದೆ ರಾಗಿ, ಹಾಲು, ಸೊಪ್ಪು, ಬೇಳೆ, ನಿಂಬೆಹಣ್ಣು ಕೊಡಿ. ಕ್ಯಾಲ್ಸಿಯಂ, ಕಬ್ಬಿಣ ಸಾಕಷ್ಟಿರುವ ಮಗುವಿನ ಕರುಳು ಸೀಸವನ್ನು ಕಡಿಮೆ ಹೀರುತ್ತದೆ. 'ದೇಹದ ವಿಷ ತೆಗೆಯುವ' ಭಸ್ಮ, ಲೇಹ್ಯಗಳ ಮೊರೆಹೋಗಬೇಡಿ, ಕೆಲವು ಭಸ್ಮಗಳಲ್ಲಿ ಸೀಸವೇ ಸಿಕ್ಕಿದ್ದುಂಟು. ಮೊದಲ ಪರೀಕ್ಷೆಯಲ್ಲಿ 5 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಬಂದಿದ್ದರೆ ಮನೆಯನ್ನು ಮತ್ತೊಮ್ಮೆ ಒದ್ದೆ ಬಟ್ಟೆಯಿಂದ ಒರೆಸಿ, ಮಗು ಆಡುವ ಅಂಗಳದ ಮೇಲುಮಣ್ಣನ್ನು ನಾಲ್ಕು ಬೆರಳು ತೆಗೆಸಿ ಹೊಸ ಮಣ್ಣು ಹಾಕಿಸಿ, ವೈದ್ಯರು ಹೇಳಿದ ಅವಧಿಗೆ ಮತ್ತೆ ಪರೀಕ್ಷೆ ಮಾಡಿಸಿ.